ನಾಸಾಸಂಧಾನವಿಚಾರ

ಛಿನ್ನವಾದ ಮೂಗನ್ನು ರೋಗಿಯ ಚರ್ಮದಿಂದಲೇ ಮತ್ತೆ ನಿರ್ಮಿಸುವ ಶಸ್ತ್ರಕರ್ಮವು ಭಾರತದಿಂದ ಯೂರೋಪಖಂಡಕ್ಕೆ ಹೋಯಿತೆಂಬುದು ಪ್ರಸಿದ್ಧವಾಗಿದೆ. ಅದು ಸುಶ್ರುತಸಂಹಿತೆಯ ಮೂಲಕವಾಗಿಯೇ ಹೋಯಿತೆಂದು ಹಲವರು ಬರೆಯುವುದುಂಟು. ಈ ಎರಡನೆಯ ಮಾತು ಪರಿಶೀಲನಾರ್ಹವಾದುದು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕರ್ಣವ್ಯಧ, ಕರ್ಣಸಂಧಾನಗಳನ್ನು ವಿಸ್ತಾರವಾಗಿ ಹೇಳಿ, ಕೊನೆಯಲ್ಲಿ ನಾಸಾಸಂಧಾನವನ್ನು ವಿಧಿಸುತ್ತದೆ. ಮೂಗಿನ ಪ್ರಮಾಣಕ್ಕೆ ಸರಿಯಾದ ಎಲೆಯೊಂದನ್ನು ತೆಗೆದುಕೊಂಡು, ಅದೇ ಅಳತೆಯಲ್ಲಿ ಗಂಡಪಾರ್ಶ್ವದಿಂದ, ಎಂದರೆ ಕೆನ್ನೆಯಿಂದ, ಚರ್ಮವನ್ನು ಬಿಡಿಸಬೇಕು. ಮೂಗಿನ ತುದಿಯನ್ನು ಕೆರೆದು ಕೂಡಲೆ ಜೋಡಿಸಬೇಕು. ಎರಡು ನಾಳಗಳನ್ನಿಟ್ಟು ಮೂಗನ್ನು ಎತ್ತಿಹಿಡಿಯಬೇಕು. ಚೂರ್ಣಗಳನ್ನು ಉದುರಿಸಿ, ಬಿಳಿಯ ಹತ್ತಿಯಿಂದ ಮುಚ್ಚಿ, ಎಳ್ಳೆಣ್ಣೆಯನ್ನು ಮೇಲಿಂದ ಮೇಲೆ ಸೇಚಿಸಬೇಕು. ಮುದ್ರಿತಪಾಠದಲ್ಲಿರುವ ‘ಬದ್ಧಂ’ ಎಂಬ ಪದಕ್ಕೆ, ಚರ್ಮವು ಮೂಲಸ್ಥಾನದಿಂದ ಪೂರ್ಣವಾಗಿ ಬೇರ್ಪಡದೆ ಇರಬೇಕೆಂದು ಅರ್ಥಮಾಡುವವರುಂಟು.

ಇನ್ನು ಲೋಕವ್ಯವಹಾರವನ್ನು ನೋಡಬೇಕು. ಕಾವಸಜಿಯೆಂಬ ಮರಾಠನು 1792ರ ಮೈಸೂರು ಯುದ್ಧದಲ್ಲಿ ಆಂಗ್ಲಸೈನ್ಯದ ಎತ್ತಿನ ಗಾಡಿಯವನಾಗಿದ್ದು, ಸೆರೆಸಿಕ್ಕಿ, ಟೀಪೂಸುಲ್ತಾನನ ಆಜ್ಞೆಯಿಂದ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಇದ್ದ ಅವನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದ ತಗಡನ್ನು ಮೂಗಿನ ಆಕಾರಕ್ಕೆ ಕತ್ತರಿಸಿ, ಹಣೆಯ ಮೇಲೆ ಹರಡಿ, ಗೆರೆಯೆಳೆದು, ಚರ್ಮವನ್ನು ಬಿಡಿಸಿ, ಕಣ್ಣುಗಳ ನಡುವೆ ಒಂದು ತೊಟ್ಟನ್ನು ಮಾತ್ರ ಉಳಿಸಿ ಕೆಳಕ್ಕೆ ತಿರುಗಿಸಿದನು. ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಗೆ ಸವರಿ ಅಂಟಿಸಿದನು. ನಾಲ್ಕು ದಿನಗಳ ಬಳಿಕ ತುಪ್ಪದ ಬಟ್ಟೆಯನ್ನಿಟ್ಟನು. ಸುಮಾರು 25ನೆಯ ದಿನ ತೊಟ್ಟನ್ನು ಕೊಯ್ದನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತವಾಗಿ ಪ್ರಕಟವಾಯಿತು.

ಲಂಡನ್ನಿನ ಶಸ್ತ್ರವೈದ್ಯ ಕಾರ್ಪ್ಯೂ ಈ ಕ್ರಮವನ್ನೇ ವಿಚಾರಿಸಿ, ಶವಗಳ ಮೇಲೆ ಅಭ್ಯಾಸಮಾಡಿ, 1814ರ ಅಕ್ಟೋಬರ್ 23ರಂದು ಪ್ರಯೋಗಿಸಿದನು. ಸಫಲವಾದ ಎರಡು ಪ್ರಯೋಗಗಳ ವರದಿಯನ್ನು 1816ರಲ್ಲಿ ಪ್ರಕಟಿಸಿದನು. ಇಟಲಿಯ ತಾಲ್ಯಾಕೋತ್ಸಿ 1597ರಲ್ಲಿಯೇ ಗ್ರಂಥ ಬರೆದಿದ್ದನಾದರೂ ಅವನು ಬಳಸಿದುದು ತೋಳಿನ ಚರ್ಮ. ಕಾರ್ಪ್ಯೂ ಬಳಸಿದುದು ಹಣೆಯ ಚರ್ಮ. ಸುಶ್ರುತನ ಪಾಠದಲ್ಲಿರುವುದು ಕೆನ್ನೆ. ಅಲ್ಲದೆ, ಮಧುಸೂದನಗುಪ್ತನು ಸುಶ್ರುತಸಂಹಿತೆಯನ್ನು ಕಲ್ಕತ್ತೆಯಲ್ಲಿ ಮುದ್ರಿಸಿದುದು 1835-36ರಲ್ಲಿ. ಆದಕಾರಣ ಕಾರ್ಪ್ಯೂವಿಗೆ ಗುರುಸ್ಥಾನದಲ್ಲಿದ್ದುದು ಗ್ರಂಥವಲ್ಲ, ಪುಣೆಯ ಆ ಕುಶಲನ ಹಸ್ತ.

ಹಾಗಾದರೆ ಹಣೆಯ ಕ್ರಮವು ಆ ಒಬ್ಬನ ಕಲ್ಪನೆಯೇ? ಅಲ್ಲ. ಬಿಜಾಪುರದ ಯುದ್ಧಗಳಲ್ಲಿ ಮೂಗು ಕಳೆದುಕೊಂಡವರಿಗೆ ಅಲ್ಲಿಯ ವೈದ್ಯರು ಹಣೆಯ ಚರ್ಮವನ್ನು ಕೆಳಗಿಳಿಸಿ ಜೋಡಿಸುತ್ತಿದ್ದುದನ್ನು ವೆನಿಸಿನ ಮನುಚ್ಚಿಯು ನೂರು ವರ್ಷಗಳ ಹಿಂದೆಯೇ ವರ್ಣಿಸಿದ್ದಾನೆ. ಕನ್ನಡನಾಡಿನಲ್ಲಿಯೂ ಈ ವಿದ್ಯೆ ಜೀವಂತವಾಗಿತ್ತೆಂಬುದಕ್ಕೆ ಇದು ಪ್ರಮಾಣ. ಅಳತೆಯ ಎಲೆ ಅಥವಾ ಮೇಣ, ರಂಧ್ರಗಳನ್ನು ಕಾಯುವುದು, ಸ್ನೇಹದ್ರವ್ಯ ಇವುಗಳಲ್ಲಿ ಸಾಮ್ಯವಿರುವುದರಿಂದ ಎರಡು ಕ್ರಮಗಳಿಗೂ ಸಂಬಂಧವನ್ನು ಊಹಿಸಬಹುದು. ಆದರೆ ಊಹೆಯನ್ನು ಸಿದ್ಧಾಂತವೆನ್ನಲಾಗದು.

ಇದರಿಂದ ಸುಶ್ರುತನ ಗೌರವಕ್ಕೆ ಕುಂದಿಲ್ಲ. ಶಾಸ್ತ್ರವನ್ನು ಮಾತ್ರ ಓದಿದವನೂ ಕರ್ಮವನ್ನು ಮಾತ್ರ ಕಲಿತವನೂ ಒಂದೊಂದೇ ರೆಕ್ಕೆಯ ಹಕ್ಕಿಗಳೆಂದು ಹೇಳಿದವನು ಅವನೇ. ಪಾಠಶಾಲೆಗಳು ಗ್ರಂಥವನ್ನು ರಕ್ಷಿಸಿದವು. ಕರ್ಮವನ್ನು ಉಳಿಸಿದವರು ಬೇರೆ. ಪತ್ರಿಕೆಯು ರೋಗಿಯ ಹೆಸರನ್ನು ಬರೆದಿಟ್ಟಿತು. ಮೂಗನ್ನು ಮಾಡಿದವನ ಜಾತಿಯನ್ನು ಮಾತ್ರ ಬರೆದು, ಹೆಸರನ್ನು ಬಿಟ್ಟಿತು.