ಅಕ್ಟೋಬರ್ 23: ಕಿತ್ತೂರು ನಾಡಿನ ವಿಜಯದಿನ ಮತ್ತು ಅದರಾಚೆಯ ದಿನಗಳು

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರು ಕೋಟೆಯ ಎದುರು ಸತ್ತು ಬಿದ್ದ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪನೆಂದು ಈ ನಾಡು ಇಂದಿಗೂ ನೆನೆಯುತ್ತದೆ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆಸಿಕ್ಕರು. ವರ್ಷವರ್ಷವೂ ವೀರಜ್ಯೋತಿಯೊಂದಿಗೆ ನಡೆಯುವ ಕಿತ್ತೂರು ಉತ್ಸವಕ್ಕೆ ಈ ಗೆಲುವೇ ಮೂಲ. 2024ರಲ್ಲಿ ಅದಕ್ಕೆ ಇನ್ನೂರು ವರ್ಷ ತುಂಬಿತು. ಇದನ್ನು ದೇಶದ ಮೊದಲ ಸ್ವಾತಂತ್ರ್ಯ ಸಮರವೆಂದು ಒಪ್ಪಿ ರಾಷ್ಟ್ರೀಯ ಉತ್ಸವವಾಗಿ ಆಚರಿಸಬೇಕೆಂಬ ಬೇಡಿಕೆಯೂ ಹಳೆಯದೇ.

'ಮೊದಲ' ಎಂಬ ಪಟ್ಟಕ್ಕೆ ಹಕ್ಕುದಾರರು ಹಲವರು. 1857ರ ದಂಗೆಗೆ ಆ ಪಟ್ಟ ಕಟ್ಟಿ ಸಾವರ್ಕರ್ 1909ರಲ್ಲಿ ಪುಸ್ತಕ ಬರೆದರು. ಒಡಿಶಾದವರು 1817ರ ಪಾಯಿಕ ಬಂಡಾಯವನ್ನು ಮುಂದಿಡುತ್ತಾರೆ, ತಮಿಳರು 1806ರ ವೆಲ್ಲೂರು ದಂಗೆಯನ್ನು. ವರ್ಷಗಳ ಲೆಕ್ಕದಲ್ಲೇ ತೀರ್ಮಾನವಾಗುವುದಾದರೆ ಕಿತ್ತೂರು ಸೋಲುತ್ತದೆ. ಆದರೆ ಕಿತ್ತೂರಿನ ಮಹತ್ವ ಆ ಲೆಕ್ಕದಲ್ಲಿಲ್ಲ.

ಉತ್ಸವದ ಭಾಷಣಗಳಲ್ಲಿ ಡಾಲ್‌ಹೌಸಿಯ 'ದತ್ತುಮಕ್ಕಳಿಗೆ ಹಕ್ಕಿಲ್ಲ' ನೀತಿಯನ್ನು ಕಿತ್ತೂರಿನ ರಾಣಿ ಚೆನ್ನಮ್ಮ ಧಿಕ್ಕರಿಸಿದಳೆಂಬ ಮಾತು ಕೇಳುತ್ತೇವೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದದ್ದೇ 1848ರಲ್ಲಿ. ಕಿತ್ತೂರಿನ ದೊರೆ, ಮಲ್ಲಸರ್ಜನ ಮಗ ಶಿವಲಿಂಗರುದ್ರ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ಅವನು ಪಡೆದ ದತ್ತನ್ನು ಥ್ಯಾಕರೆ ಒಪ್ಪದೆ ಸಂಸ್ಥಾನದ ಖಜಾನೆಗೆ ಕೈಹಾಕಿದ. ಆ ನೀತಿಗೆ ಹೆಸರು ಬರುವುದಕ್ಕೆ ಎರಡು ದಶಕಕ್ಕೂ ಮೊದಲೇ ಅದರ ಏಟು ತಿಂದು ಎದುರು ನಿಂತದ್ದು ಕಿತ್ತೂರು. ಇದು 'ಮೊದಲ' ಪಟ್ಟಕ್ಕಿಂತ ಗಟ್ಟಿಯಾದ ಹೆಗ್ಗಳಿಕೆ ಎಂಬುದು ನನ್ನ ನಿಲುವು.

ಅಕ್ಟೋಬರಿನ ಗೆಲುವು ಡಿಸೆಂಬರಿನವರೆಗಷ್ಟೇ ನಿಂತಿತು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಸೆರೆಯಾದ ರಾಣಿ ಬೈಲಹೊಂಗಲದಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಸಮಾಧಿ ಇರುವುದೂ ಅಲ್ಲೇ. ಹಾಗಾಗಿ ಕಿತ್ತೂರಿಗೆ ವಿಜಯ ಸೇರಿದರೆ ಬೈಲಹೊಂಗಲಕ್ಕೆ ಸೇರಿದ್ದು ಶೋಕ. ಆದರೆ ಉತ್ಸವದ ಬೆಳಕೆಲ್ಲ ಕಿತ್ತೂರಿನ ಕಡೆಗೇ ಹರಿಯುತ್ತದೆ.

ರಾಣಿ ಸೆರೆಯಾದ ಮೇಲೆ ಹೋರಾಟ ಅರಮನೆಯ ಕೈಬಿಟ್ಟು ಊರುಗಳ ಕೈಗೆ ಬಂತು. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣ ಕಟ್ಟಿದ ದಂಡಿನಲ್ಲಿ ಇನಾಮು ಕಳೆದುಕೊಂಡವರು, ರೈತರು, ಸಿದ್ದಿಗಳು ಇದ್ದರು. ಅವರು ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟರು, ಖಜಾನೆ ದೋಚಿದರು. ದತ್ತಿನ ವ್ಯಾಜ್ಯವಾಗಿ ಹುಟ್ಟಿದ ಹೋರಾಟ ಜನರ ಬಂಡಾಯವಾದದ್ದು ಇಲ್ಲಿ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನು ಹುಟ್ಟಿದ್ದು ಆಗಸ್ಟ್ 15 ಎಂಬುದು ಪರಂಪರೆಯ ನಂಬಿಕೆ. ದೇಶದ ಎರಡು ರಾಷ್ಟ್ರೀಯ ದಿನಗಳಿಗೆ ಈ ಭಾಗದಲ್ಲಿ ರಾಯಣ್ಣನ ಹೆಸರೂ ಹೊಂದಿಕೊಂಡಿರುವುದರಿಂದ, ಧ್ವಜವಂದನೆಯ ಜೊತೆಗೇ ಅವನ ಮೂರ್ತಿಗೆ ಮಾಲೆ ಬೀಳುತ್ತದೆ. ಅವನ ನೆನಪನ್ನು ಮೊದಲು ಕಾಪಾಡಿದವರು ಲಾವಣಿಕಾರರು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಅಚ್ಚುಹಾಕಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದೂ ಒಂದು.

ಬೈಲಹೊಂಗಲದಿಂದ ಪೂರ್ವಕ್ಕೆ ಸರಿದರೆ ಆಗಸ್ಟ್ 15ರ ಅರ್ಥವೇ ಬೇರೆ. ಸವದತ್ತಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ 1947ರ ಆ ದಿನ ಅಲ್ಲಿ ಪರರ ಆಳ್ವಿಕೆ ಮುಗಿಯಿತು. ಪಕ್ಕದ ರಾಮದುರ್ಗದಲ್ಲಿ ಭಾವೆ ಮನೆತನದ ಸಂಸ್ಥಾನ ಇನ್ನೂ ಉಳಿದಿತ್ತು. ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ಅದಕ್ಕೂ ಮುಂಚೆ, 1939ರ ಏಪ್ರಿಲಿನಲ್ಲಿ, ಅಲ್ಲಿನ ಪ್ರಜಾಸಂಘದ ನಾಯಕ ಮುನವಳ್ಳಿಯವರ ಬಂಧನದಿಂದ ಕೆರಳಿದ ಜನ ಜೈಲಿಗೆ ನುಗ್ಗಿದರು. ಪೊಲೀಸರು ಹತರಾದರು. ಈ ಹಿಂಸೆಯನ್ನು ಗಾಂಧೀಜಿ ಒಪ್ಪಲಿಲ್ಲ. ಸಂಸ್ಥಾನದ ದಬ್ಬಾಳಿಕೆಯನ್ನೂ ಜನರ ಕೈಯಿಂದಾದ ಕೊಲೆಗಳನ್ನೂ ಒಟ್ಟಿಗೆ ನೆನೆಯುವುದು ಸುಲಭವಲ್ಲ. ಆ ಘಟನೆ ವಿಜಯೋತ್ಸವದ ಚೌಕಟ್ಟಿನಲ್ಲಿ ಕೂಡದೆ ಹೊರಗುಳಿದದ್ದು ಇದೇ ಕಾರಣಕ್ಕೆ.

2021ರ ನವೆಂಬರಿನಲ್ಲಿ ಮುಂಬೈ ಕರ್ನಾಟಕ ಎಂಬ ಹೆಸರು ಹೋಗಿ ಕಿತ್ತೂರು ಕರ್ನಾಟಕ ಬಂತು. ಹೆಸರು ಇಡೀ ನಾಡಿಗೆ ಹಬ್ಬಿದ ಮೇಲೆ ಉತ್ಸವವೂ ಹಬ್ಬಬೇಕು. ಬೈಲಹೊಂಗಲದ ಸಮಾಧಿ, ಸಂಗೊಳ್ಳಿಯ ದಂಡು, ರಾಮದುರ್ಗದ 1939 ಇವುಗಳಿಗೂ ಅಕ್ಟೋಬರಿನ ಗೋಷ್ಠಿಗಳಲ್ಲಿ ಜಾಗ ಸಿಗಲಿ. ಕಿತ್ತೂರಿಗೆ ಸಂಬಂಧಿಸಿದ ಇಂಗ್ಲಿಷ್ ಮತ್ತು ಮೋಡಿ ಲಿಪಿಯ ಕಾಗದಪತ್ರಗಳೆಲ್ಲ ಕನ್ನಡಕ್ಕೆ ಬಂದು ಇಲ್ಲಿನ ಶಾಲೆಗಳ ಕೈಸೇರಲಿ. ಉತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ತೆಗೆದಿಡಬೇಕೆಂದು ಸರ್ಕಾರವನ್ನೂ ವಿಶ್ವವಿದ್ಯಾಲಯಗಳನ್ನೂ ಕೋರುತ್ತೇನೆ.