ಯಜಮಾನ ಯಾರು, ಅತಿಥಿ ಯಾರು?

ನಿಮ್ಮ ಮೊಬೈಲು ಕೈಜಾರಿ ಬಿದ್ದಿದೆಯೆಂದು ಇಟ್ಟುಕೊಳ್ಳಿ. ತೆರೆ ಬೆಳಗುತ್ತಿದೆ, ಆದರೆ ಬೆರಳಿನ ಮಾತನ್ನು ಕೇಳದು. ಒಳಗೆ ಮಗಳ ಮದುವೆಯ ಚಿತ್ರಗಳಿವೆ. ಆಗ ಗೇಣುದ್ದದ ಒಂದು ಅಡಾಪ್ಟರ್ ತಂತಿಯೂ ಮೇಜಿನ ಮೇಲಿನ ಹಳೆಯ ಮೌಸೂ ನಿಮ್ಮನ್ನು ಕಾಪಾಡುವುದುಂಟು. ಈ ಪುಟ್ಟ ತಂತಿಗೂ ಒಂದು ಚರಿತ್ರೆಯಿದೆ.

ಹಿಂದೆ ಕಂಪ್ಯೂಟರಿನ ಬೆನ್ನಿನಲ್ಲಿ ಕೀಲಿಮಣೆಗೊಂದು, ಮುದ್ರಣಯಂತ್ರಕ್ಕೊಂದು, ಹೀಗೆ ಬೇರೆ ಬೇರೆ ಕಿಂಡಿಗಳಿದ್ದವು. ಬರೋಡದಲ್ಲಿ ಓದಿದ ಅಜಯ್ ಭಟ್ಟರೇ ಮೊದಲಾದ ಇಂಟೆಲ್ ಇಂಜಿನಿಯರುಗಳೂ ಬೇರೆ ಆರು ಕಂಪನಿಗಳವರೂ ಕೂಡಿ, ಎಲ್ಲಕ್ಕೂ ಒಂದೇ ಬಗೆಯ ಕಿಂಡಿ ಸಾಕೆಂದು 1996ರಲ್ಲಿ ಯುಎಸ್‌ಬಿಯನ್ನು ಹೊರತಂದರು. ಈ ಏರ್ಪಾಡಿನಲ್ಲಿ ಕಂಪ್ಯೂಟರೇ ಯಜಮಾನ, ಉಳಿದುವೆಲ್ಲ ಅತಿಥಿಗಳು. ಒಬ್ಬ ಯಜಮಾನ 127 ಉಪಕರಣಗಳವರೆಗೆ ಸಂಭಾಳಿಸಬಲ್ಲ. ಅವನು ಕೇಳದೆ ಅತಿಥಿ ಬಾಯಿ ತೆರೆಯುವಂತಿಲ್ಲ. ಅತಿಥಿಗೆ ಬೇಕಾದ ಊಟ, ಎಂದರೆ 5 ವೋಲ್ಟಿನ ವಿದ್ಯುತ್ತು, ಅವನ ಮನೆಯದೇ.

ಅಂಗೈಯಗಲದ ಕಂಪ್ಯೂಟರುಗಳು ಬಂದಾಗ ತೊಡಕು ತಲೆದೋರಿತು. ಮೇಜಿನ ಕಂಪ್ಯೂಟರಿಗೆ ಸೇರಿಸಿದರೆ ಅವು ಅತಿಥಿಗಳು, ಸರಿ. ಆದರೆ ಅವಕ್ಕೇ ಕೀಲಿಮಣೆಯನ್ನು ಸೇರಿಸಿದರೆ? ಇಬ್ಬರೂ ಅತಿಥಿಗಳಾದ ಮನೆಯಲ್ಲಿ ಬಡಿಸುವವರು ಯಾರು?

ಇದಕ್ಕೆ ಉತ್ತರ 2001ರ ಡಿಸೆಂಬರಿನಲ್ಲಿ 'ಆನ್ ದ ಗೋ' ಎಂಬ ಅನುಬಂಧವಾಗಿ ಬಂದಿತು. ಮೊದಲಿನ ನಾಲ್ಕು ಪಿನ್ನುಗಳ ಜೊತೆಗೆ ಚಿಕ್ಕ ಕಿಂಡಿಯಲ್ಲಿದ್ದ ಐದನೆಯ ಪಿನ್ನಿಗೆ ಈ ಕೆಲಸವನ್ನು ಒಪ್ಪಿಸಿದರು. ಅಡಾಪ್ಟರ್ ತಂತಿಯಲ್ಲಿ ಅದನ್ನು ಗ್ರೌಂಡಿಗೆ ಕೂಡಿಸಿರುತ್ತಾರೆ. ಮಾಮೂಲು ತಂತಿಯಲ್ಲಿ ಹಾಗೆ ಕೂಡಿಸಿರುವುದಿಲ್ಲ. ಆ ಗುರುತನ್ನು ಕಂಡೊಡನೆ ಕೈಯಲ್ಲಿನ ಯಂತ್ರ ಯಜಮಾನಿಕೆಯನ್ನು ವಹಿಸಿಕೊಳ್ಳುತ್ತದೆ. 2010ರ ನೋಕಿಯ ಎನ್8 ಇಂಥ ತಂತಿಯೊಡನೆಯೇ ಮಾರಾಟಕ್ಕೆ ಬಂದಿತು. 2011ರಲ್ಲಿ ಆಂಡ್ರಾಯ್ಡ್ 3.1 ಈ ಹೊಣೆಯನ್ನು ಕಲಿತುಕೊಂಡಿತು. 2014ರಲ್ಲಿ ಬಂದ ಟೈಪ್-ಸಿ ಕಿಂಡಿಯಲ್ಲಿ ಐದನೆಯ ಪಿನ್ನಿನ ಬದಲು ಪುಟ್ಟ ರೆಸಿಸ್ಟರುಗಳು ಆ ಗುರುತನ್ನು ಹೇಳುತ್ತವೆ.

ಒಂದು ಮಾತನ್ನು ಮರೆಯಬೇಡಿ. ಯಜಮಾನಿಕೆ ಬಂದಮಾತ್ರಕ್ಕೆ ಕಣಜ ತುಂಬುವುದಿಲ್ಲ. ಮೌಸು, ಕೀಲಿಮಣೆಗಳು ಮಿತಾಹಾರಿಗಳು; ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು ಹೊಟ್ಟೆಬಾಕ. ಅದಕ್ಕೆ ಗೋಡೆಯಿಂದ ವಿದ್ಯುತ್ತು ಪಡೆಯುವ ಹಬ್ಬನ್ನು ನಡುವೆ ಇಡಬೇಕಾಗಬಹುದು. ಎಲ್ಲ ಫೋನುಗಳೂ ಯಜಮಾನರಾಗಲಾರವು ಎಂಬುದೂ ನೆನಪಿರಲಿ. ಫೋನು ಕೈಯಿಂದ ಜಾರುವ ಮುನ್ನವೇ ತಂತಿಯನ್ನು ತಂದು, ಮೌಸನ್ನು ಸಿಕ್ಕಿಸಿ ನೋಡಿ. ತೆರೆಯ ಮೇಲೆ ಬಾಣದ ಗುರುತು ಮೂಡಿತೆ? ಹಾಗಾದರೆ ನಿಮ್ಮ ಅಂಗೈಯ ಅತಿಥಿಗೆ ಯಜಮಾನಿಕೆಯೂ ಗೊತ್ತು.