ಎಐ ಏಜೆಂಟ್‌ಗಳ ಪ್ರವೇಶ ನೀತಿ: ಕೋಡ್ ಓದುವ ಸಾಧನಗಳ ಇತಿಹಾಸ

ಸೋರ್ಸ್ ಕೋಡನ್ನು ಹುಡುಕಿ, ಓದಿ, ವಿವರಿಸುವ ಎಐ ಏಜೆಂಟ್ ಯಾವ ಫೈಲ್ ನೋಡಬಹುದು, ಯಾವ ಸಾಧನವನ್ನು ಯಾರನ್ನೂ ಕೇಳದೆ ಬಳಸಬಹುದು, ಎಲ್ಲಿ ನಿಂತು ಮನುಷ್ಯರ ಒಪ್ಪಿಗೆ ಪಡೆಯಬೇಕು ಎಂದು ಗೊತ್ತುಮಾಡುವ ನಿಯಮಗಳೇ ಪ್ರವೇಶ ನೀತಿ. ಏಜೆಂಟ್‌ಗಳು ನಿನ್ನೆ ಮೊನ್ನೆಯವು. ನಿಯಮಗಳ ಬೇರು 1960ರ ದಶಕದ್ದು. ತಿದ್ದುವ ಸಾಧನಕ್ಕೆ ಬಿಗಿ, ಬರೀ ಓದುವ ಸಾಧನಕ್ಕೆ ಸಡಿಲ ಎಂಬುದು ಈ ಕ್ಷೇತ್ರದ ಹಳೆಯ ರೂಢಿ. ಓದಿದರೆ ಏನು ಸವೆದುಹೋಗುತ್ತದೆ ಎಂಬ ಆ ಧೈರ್ಯ ಮತ್ತೆ ಮತ್ತೆ ಕೈಕೊಟ್ಟಿದೆ.

ಅಮೆರಿಕದ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಕಟ್ಟುತ್ತಿದ್ದ ಮಲ್ಟಿಕ್ಸ್ ವ್ಯವಸ್ಥೆಯ ಫೈಲ್ ವಿನ್ಯಾಸವನ್ನು ಡೇಲಿ ಮತ್ತು ನ್ಯೂಮನ್ 1965ರಲ್ಲಿ ವಿವರಿಸಿದರು. ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ ಅಲ್ಲಿ ಪ್ರತಿ ಫೈಲ್‌ಗೂ ಇತ್ತು. ಓದು, ಬರೆ, ನಡೆಸು, ಕೊನೆಗೆ ಸೇರಿಸು ಎಂಬ ನಾಲ್ಕರ ಜೊತೆ ‘ಟ್ರ್ಯಾಪ್’ ಎಂಬ ಐದನೆಯದೊಂದು. ಅದನ್ನು ಹಾಕಿಟ್ಟ ಫೈಲನ್ನು ಮುಟ್ಟಿದ ಕೂಡಲೇ ಕೆಲಸ ನಿಂತು ಬೇರೊಂದು ಪ್ರೋಗ್ರಾಂಗೆ ಕರೆ ಹೋಗಬೇಕು. ಇಂದಿನ ಏಜೆಂಟ್ ನಡುವೆ ನಿಂತು ‘ಮುಂದುವರಿಯಲೇ?’ ಎಂದು ಕೇಳುವುದಕ್ಕೆ ಇದೇ ಮುತ್ತಜ್ಜ ಎನ್ನಬಹುದು. ಮುಂದೆ ಬಂದ ಯುನಿಕ್ಸ್ ಇಷ್ಟನ್ನೂ ಓದು, ಬರೆ, ನಡೆಸು ಎಂಬ ಮೂರಕ್ಕೆ ಇಳಿಸಿತು. 4, 2, 1 ಎಂಬ ಅಂಕಿಗಳಾಗಿ ಅವು ಈಗಲೂ ಚಾಲ್ತಿಯಲ್ಲಿವೆ. ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಕೊಡಬೇಕು, ಕೊಟ್ಟಿದ್ದೇನೆಂದು ಹೇಳದಿದ್ದರೆ ಇಲ್ಲವೆಂದೇ ತಿಳಿಯಬೇಕು ಎಂಬ ತತ್ತ್ವಗಳನ್ನು ಸಾಲ್ಟ್ಜರ್ ಮತ್ತು ಶ್ರೋಡರ್ 1975ರ ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದಿಟ್ಟರು.

ಓದಿನಲ್ಲೂ ಅಪಾಯವಿದೆಯೆಂದು ಕಂಡುಕೊಂಡವರೂ ಅದೇ ದಶಕದವರು. ಗುಟ್ಟಿನ ಮಾಹಿತಿ ಓದಿದ ಪ್ರೋಗ್ರಾಂ ಅದನ್ನು ಹೊರಗೆ ಸೋರಿಸದಂತೆ ಕಟ್ಟಿಹಾಕುವುದು ಎಷ್ಟು ಕಷ್ಟವೆಂದು ಬಟ್ಲರ್ ಲ್ಯಾಂಪ್ಸನ್ 1973ರಲ್ಲೇ ತೋರಿಸಿದರು. ಕೆನೆತ್ ಬೀಬಾ ಅದೇ ದಶಕದಲ್ಲಿ ಮಂಡಿಸಿದ ಮಾದರಿ ಇನ್ನೂ ವಿಚಿತ್ರ: ನಂಬಿಕಸ್ತ ಪ್ರೋಗ್ರಾಂ ನಂಬಲಾಗದ್ದನ್ನು ಓದಲೇಬಾರದು, ಓದಿದರೆ ಅದೂ ಕೆಡುತ್ತದೆ. ಇಂದಿನ ಏಜೆಂಟ್‌ಗಳನ್ನು ನಡೆಸುವ ಭಾಷಾ ಮಾದರಿಗಳ ಕನಸೂ ಇಲ್ಲದ ಕಾಲದ ಈ ನಿಯಮ ಅವುಗಳಿಗೇ ಹೇಳಿ ಮಾಡಿಸಿದಂತಿದೆ.

ನಾರ್ಮ್ ಹಾರ್ಡಿ 1988ರಲ್ಲಿ ಬರೆದ ಪುಟ್ಟ ಟಿಪ್ಪಣಿಯನ್ನೂ ಇಲ್ಲಿ ನೆನೆಯಬೇಕು. ಒಂದು ಕಂಪೈಲರ್‌ಗೆ ಬಳಕೆಯ ಅಂಕಿಅಂಶ ದಾಖಲಿಸಲೆಂದು ತನ್ನ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕಿತ್ತು. ಬಿಲ್ಲಿನ ಲೆಕ್ಕದ ಫೈಲೂ ಅದೇ ಡೈರೆಕ್ಟರಿಯಲ್ಲಿತ್ತು. ಡೀಬಗ್ ಮಾಹಿತಿಯನ್ನು ಆ ಫೈಲ್‌ಗೆ ಹಾಕೆಂದು ಬಳಕೆದಾರನೊಬ್ಬ ಹೇಳಿದ, ಕಂಪೈಲರ್ ಹಾಕಿತು, ಬಿಲ್ಲಿನ ಲೆಕ್ಕ ಅಳಿಸಿಹೋಯಿತು. ಹೇಳಿದವನಿಗೆ ಇಲ್ಲದ ಹಕ್ಕು ಮಾತು ನಡೆಸಿದ ಕಂಪೈಲರ್‌ಗಿತ್ತು. ಇಂಥ ಪ್ರೋಗ್ರಾಂಗೆ ಹಾರ್ಡಿ ‘ಗಲಿಬಿಲಿಗೊಂಡ ಪ್ರತಿನಿಧಿ’ ಎಂಬರ್ಥದ ಹೆಸರಿಟ್ಟರು. ಇಬ್ಬರು ಯಜಮಾನರ ಆಳಿಗೆ ಯಾರ ಮಾತನ್ನು ಯಾರ ಅಧಿಕಾರದಲ್ಲಿ ನಡೆಸುತ್ತಿದ್ದೇನೆಂಬ ಅರಿವಿರುವುದಿಲ್ಲ.

ಕೋಡ್ ವಿಶ್ಲೇಷಣೆಯ ಸಾಧನಗಳು ಈ ಚರ್ಚೆಯಿಂದ ದೂರವೇ ಬೆಳೆದವು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಿಂದ ಪಠ್ಯ ಹುಡುಕುವ ಗ್ರೆಪ್ ಮತ್ತು ಕೋಡ್‌ನ ತಪ್ಪು ಹಿಡಿಯುವ ಲಿಂಟ್ ಬಂದವು; 2016ರಲ್ಲಿ ಎಡಿಟರ್‌ಗಳಿಗೆ ವಿಶ್ಲೇಷಕಗಳನ್ನು ಜೋಡಿಸುವ ಮೈಕ್ರೋಸಾಫ್ಟ್‌ನ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್. ಇವೆಲ್ಲ ಓದುವವು ಎಂದೇ ಲೆಕ್ಕ. ಆದರೆ ಕೆಲವು ಭಾಷೆಗಳ ಕೋಡ್ ಅರ್ಥವಾಗಬೇಕಾದರೆ ಅದರ ತುಣುಕನ್ನು ನಡೆಸಲೇಬೇಕು. ರಸ್ಟ್ ಭಾಷೆಯ ವಿಶ್ಲೇಷಕ ಪ್ರಾಜೆಕ್ಟ್ ತೆರೆದ ಕೂಡಲೇ ಅದರೊಳಗಿನ ಬಿಲ್ಡ್ ಸ್ಕ್ರಿಪ್ಟ್ ಮತ್ತು ಮ್ಯಾಕ್ರೋಗಳನ್ನು ಓಡಿಸುತ್ತದೆ. ಈ ಬಗೆಯ ತೊಂದರೆಗೆಂದೇ 2021ರಲ್ಲಿ ವಿಎಸ್ ಕೋಡ್ ಎಡಿಟರ್, ಫೋಲ್ಡರ್ ಬರೆದವರನ್ನು ನಂಬುತ್ತೀರಾ ಎಂದು ಮೊದಲೇ ಕೇಳತೊಡಗಿತು.

ಭಾಷಾ ಮಾದರಿ ಓದುವ ಬರಹದಲ್ಲಿ ಅಪ್ಪಣೆ ಅಡಗಿಸುವ ದಾಳಿಗೆ 2022ರ ಸೆಪ್ಟೆಂಬರ್‌ನಲ್ಲಿ ಪ್ರೋಗ್ರಾಮರ್ ಸೈಮನ್ ವಿಲಿಸನ್ ‘ಪ್ರಾಂಪ್ಟ್ ಇಂಜೆಕ್ಷನ್’ ಎಂಬ ಹೆಸರು ಕೊಟ್ಟರು. ಭಾಷಾ ಮಾದರಿಗೆ ಓದಿದ್ದಕ್ಕೂ ಅಪ್ಪಣೆಗೂ ನಡುವೆ ಗಟ್ಟಿ ಗೆರೆಯಿಲ್ಲ. ಕೋಡ್‌ನ ಕಾಮೆಂಟಿನಲ್ಲಿ ಯಾರೋ ಬರೆದಿಟ್ಟ ಸಾಲು ಯಜಮಾನನ ಮಾತಿನಂತೆಯೇ ಕೇಳಿಸಬಹುದು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಏಜೆಂಟ್‌ಗಳಿಗೆ ಸಾಧನಗಳನ್ನು ಜೋಡಿಸುವುದನ್ನು ಸುಲಭ ಮಾಡಿತು. 2025ರ ಮಾರ್ಚ್ ಪರಿಷ್ಕರಣೆಯಲ್ಲಿ, ಸಾಧನವೇ ತಾನು ಓದುವುದಷ್ಟೇ ಎಂದು ಹೇಳಿಕೊಳ್ಳುವ ಗುರುತು ಸೇರಿತು. ಗುರುತಿಲ್ಲದ ಸಾಧನ ಬರೆಯುತ್ತದೆಂದೇ ಎಣಿಕೆ. ಇದಕ್ಕೆ ‘ಸುಳಿವು’ ಎಂದಷ್ಟೇ ಹೆಸರಿಟ್ಟದ್ದು ಸರಿಯಾಗಿದೆ. ನಂಬಿಕೆಯಿಲ್ಲದ ಸರ್ವರ್‌ನಿಂದ ಬಂದ ಸುಳಿವನ್ನು ನೆಚ್ಚಬಾರದೆಂದು ಅದೇ ದಾಖಲೆ ಹೇಳುತ್ತದೆ.

ಅದೇ ವರ್ಷ ಬಂದ ಆಂಥ್ರೋಪಿಕ್‌ನ ಕ್ಲಾಡ್ ಕೋಡ್ ಏಜೆಂಟ್, ಮೂಲ ಹೊಂದಾಣಿಕೆಯಲ್ಲಿ, ತಾನು ಕೆಲಸ ಮಾಡುವ ಫೋಲ್ಡರ್‌ನ ಫೈಲ್ ಓದುವುದಕ್ಕೆ ಕೇಳುವುದಿಲ್ಲ, ತಿದ್ದುವುದಕ್ಕೆ ಕೇಳುತ್ತದೆ. ಓಪನ್ಎಐನ ಕೋಡೆಕ್ಸ್, ಆಪರೇಟಿಂಗ್ ಸಿಸ್ಟಂನ ಮಟ್ಟದಲ್ಲೇ ಬೇಲಿ ಹಾಕುತ್ತದೆ. ಎರಡನೆಯ ದಾರಿಯೇ ಗಟ್ಟಿ. ಆಜ್ಞೆಯ ಹೆಸರು ನೋಡಿ ಬಿಡುವ ಪಟ್ಟಿಗಳು ಬೇಗ ಮೋಸಹೋಗುತ್ತವೆ: ಫೈಲ್ ಹುಡುಕುವ ‘ಫೈಂಡ್’ ಒಂದು ಆಯ್ಕೆ ಸೇರಿಸಿದರೆ ಸಿಕ್ಕಿದ್ದನ್ನೆಲ್ಲ ಅಳಿಸುತ್ತದೆ, ಇನ್ನೊಂದು ಸೇರಿಸಿದರೆ ಬೇರೆ ಪ್ರೋಗ್ರಾಂ ಓಡಿಸುತ್ತದೆ.

2025ರ ಮೇ ತಿಂಗಳಲ್ಲಿ ಭದ್ರತಾ ಸಂಸ್ಥೆ ಇನ್‌ವೇರಿಯಂಟ್ ಲ್ಯಾಬ್ಸ್ ಇಂಥ ಒಂದು ದಾಳಿಯನ್ನು ಮಾಡಿ ತೋರಿಸಿತು. ಗಿಟ್‌ಹಬ್‌ನ ಸಾರ್ವಜನಿಕ ಭಂಡಾರದಲ್ಲಿ ಹಾಕಿದ ದೂರನ್ನು ಏಜೆಂಟ್ ಓದಿತು, ಅದರಲ್ಲಿದ್ದ ಸೂಚನೆಯಂತೆ ಯಜಮಾನನ ಖಾಸಗಿ ಭಂಡಾರಗಳನ್ನೂ ಓದಿ ಅವುಗಳ ವಿವರವನ್ನು ಸಾರ್ವಜನಿಕ ಭಂಡಾರಕ್ಕೆ ತಂದು ಹಾಕಿತು. ಮರುತಿಂಗಳು ವಿಲಿಸನ್ ಮೂರು ಸಂಗತಿ ಒಂದೆಡೆ ಕೂಡಬಾರದೆಂದು ಬರೆದರು: ಗುಟ್ಟಿನ ಮಾಹಿತಿ, ಅಪರಿಚಿತರ ಬರಹ, ಹೊರಗೆ ಕಳಿಸುವ ದಾರಿ. ಮೂರರಲ್ಲಿ ಎರಡು ಓದಿಗೇ ಸೇರಿದವು.

ಹಾಗಾಗಿ ಈಗ ಓದಿಗೂ ನಿಷೇಧದ ಸಾಲುಗಳು ಬರುತ್ತಿವೆ, ಅದರಲ್ಲೂ ಪಾಸ್‌ವರ್ಡ್ ಮತ್ತು ಕೀಲಿಗಳಿರುವ ಫೈಲ್‌ಗಳಿಗೆ. ಕ್ಲಾಡ್ ಕೋಡ್‌ನಲ್ಲಿ ಒಂದೇ ಫೈಲ್‌ಗೆ ಅನುಮತಿಯ ಸಾಲೂ ನಿಷೇಧದ ಸಾಲೂ ಇದ್ದರೆ ನಡೆಯುವುದು ನಿಷೇಧವೇ.